ಸೊಪ್ಪಿನ ಚೌಡಿಯ ತಿರುವು

ಘಟ್ಟದ ತಿರುವಿನಲ್ಲಿ ಕಾರು ನಿಲ್ಲಿಸಿ, ಕಣಿವೆಗೆ ಬೆನ್ನು ಹಾಕಿ ಫೋಟೋ ತೆಗೆಸಿಕೊಳ್ಳುವವರನ್ನು ಕಂಡರೆ ನನ್ನ ಕಣ್ಣು ಅವರ ಮುಖಕ್ಕೆ ಹೋಗುವುದಿಲ್ಲ, ಗಾಡಿಯ ಹಿಂದಿನ ಚಕ್ರಕ್ಕೆ ಹೋಗುತ್ತದೆ. ಚಕ್ರಕ್ಕೆ ಕಲ್ಲು ಕೊಟ್ಟಿದ್ದಾರೋ ಇಲ್ಲವೋ ಎಂದು ನೋಡುತ್ತೇನೆ. ಕೊಟ್ಟಿರುವುದಿಲ್ಲ. ಸ್ಟಿಯರಿಂಗ್ ಬಿಟ್ಟು ಇಷ್ಟು ವರ್ಷವಾದರೂ ಈ ಚಾಳಿ ನನ್ನನ್ನು ಬಿಟ್ಟಿಲ್ಲ. ಜೋಗಕ್ಕೆ, ಭಟ್ಕಳದ ಕಲ್ಲು ಬಸದಿಗಳಿಗೆ, ಮಿರ್ಜಾನದ ಕೋಟೆಗೆ ಪ್ರವಾಸಿಗರನ್ನು ಒಯ್ಯುವ ಕೆಲಸಕ್ಕೆ ಈಗ ಇಳಿದಿರುವ ಹುಡುಗರು ಆಗಾಗ ಕೇಳುತ್ತಾರೆ, "ನಿಮ್ಮ ಕಾಲದಾಗೆ ಮಜಾ ಇತ್ತು ಅಲ್ದಾ ಮಂಜಣ್ಣ? ರಸ್ತೆ ತುಂಬ ಕಾಡು, ಗಾಡಿ ಇಲ್ಲ, ಗಲಾಟೆ ಇಲ್ಲ." ಮಜಾ ಇತ್ತೋ ಇಲ್ಲವೋ ಅವರೇ ತೀರ್ಮಾನ ಮಾಡಿಕೊಳ್ಳಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಾನು ಮುಟ್ಟಳ್ಳಿಯವನು. ಐವತ್ತರ ದಶಕ ಮುಗಿಯುತ್ತ ಬಂದಿದ್ದಾಗ ಭಟ್ಕಳದ ಹಸನ್ ಸಾಹೇಬರ ಬಾಡಿಗೆ ಕಾರಿಗೆ ಡ್ರೈವರ್ ಆದೆ. ಅದೊಂದು ಹಳೆಯ ವಿಲಾಯತಿ ಗಾಡಿ. ಘಟ್ಟ ಹತ್ತುವಾಗ ಅದರ ನೀರು ಕುದಿಯುತ್ತಿತ್ತು, ಇಳಿಯುವಾಗ ಬ್ರೇಕಿನಿಂದ ಸುಟ್ಟ ವಾಸನೆ ಬರುತ್ತಿತ್ತು. ಯಾವ ತಿರುವಿನ ಪಕ್ಕ ಒರತೆ ಇದೆ, ಯಾವ ಒರತೆ ಚೈತ್ರದ ಹೊತ್ತಿಗೆ ಬತ್ತುತ್ತದೆ ಎಂದು ತಿಳಿದಿಲ್ಲದವನು ಆ ಗಾಡಿಯನ್ನು ಜೋಗಕ್ಕೆ ಮುಟ್ಟಿಸುವ ಮಾತೇ ಇರಲಿಲ್ಲ. ಹಸನ್ ಸಾಹೇಬರು ಮನೆಯಲ್ಲಿ ನವಾಯತಿ, ಪೇಟೆಯಲ್ಲಿ ಕೊಂಕಣಿ, ನನ್ನ ಹತ್ತಿರ ಮುರುಕು ಕನ್ನಡ ಆಡುತ್ತಿದ್ದರು. ಬೈಯುವುದಕ್ಕೆ ಮಾತ್ರ ಉರ್ದು. ಮೊದಲ ದಿನ ಕೀಲಿ ಕೈಗೆ ಕೊಡುವಾಗ ಅವರು ಹೇಳಿದ್ದು ಒಂದೇ ಮಾತು.

"ಮಂಜಾ, ನೋಡೂದು ಗಿರಾಕಿ ಕೆಲಸ. ಗುಡ್ಡ ಚೆಂದ, ಹೊಳೆ ಚೆಂದ ಅಂತ ಅವ್ರು ಹೇಳ್ಲಿ. ನೀ ಹೂಂ ಅನ್ನು, ಕಣ್ಣು ರಸ್ತೆ ಮ್ಯಾಲೆ ಇಡು."

ನನ್ನ ಇಡೀ ನೌಕರಿಯಲ್ಲಿ ಇದಕ್ಕಿಂತ ದೊಡ್ಡ ಪಾಠವನ್ನು ಯಾರೂ ನನಗೆ ಹೇಳಿಕೊಟ್ಟಿಲ್ಲ. ನಂಬುತ್ತೀರೋ ಇಲ್ಲವೋ, ಆ ಘಟ್ಟದ ಕಣಿವೆ ಎಷ್ಟು ಆಳ ಎಂದು ನಾನು ಸರಿಯಾಗಿ ಬಗ್ಗಿ ನೋಡಿದ್ದು ನಿವೃತ್ತಿಯಾದ ಮೇಲೆ, ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು.

ಆಗ ಶರಾವತಿಗೆ ಹೊನ್ನಾವರದಲ್ಲಿ ಸೇತುವೆ ಇರಲಿಲ್ಲ. ಭಟ್ಕಳದ ಕಡೆಯಿಂದ ಬಂದ ಗಾಡಿಗಳನ್ನು ಜಂಗಲ್ ಮೇಲೆ ಹತ್ತಿಸಿ ದಾಟಿಸಬೇಕು. ಜಂಗಲ್ ಎಂದರೆ ಜೋಡಿ ದೋಣಿ ಕಟ್ಟಿ ಮೇಲೆ ಹಲಗೆ ಹಾಸಿದ್ದು. ಕಾರು ಹತ್ತಿದ ಮೇಲೆ ಗಿರಾಕಿಗಳನ್ನು ಇಳಿಸಿ, ನಾಲ್ಕೂ ಬಾಗಿಲು ತೆರೆದಿಡುವುದು ರೂಢಿ. ಗಾಡಿ ನೀರಿಗೆ ಜಾರಿದರೆ ಒಳಗಿದ್ದವನು ಹೊರಬೀಳಲಿ ಎಂದು. ಒಮ್ಮೆ ಧಾರವಾಡದ ಕಡೆಯ ವಕೀಲರೊಬ್ಬರು ಕೋಟಿಗೆ ನೀರು ಸಿಡಿಯುತ್ತದೆಂದು ಬಾಗಿಲು ಮುಚ್ಚಿಕೊಂಡು ಒಳಗೇ ಕೂತರು. ನಾನು ಕೈಮುಗಿದೆ, ಜಂಗಲ್ ನಡೆಸುವ ತಂಡೇಲ ಕೈಮುಗಿದ, ಅವರು ಇಳಿಯಲಿಲ್ಲ. ಕೊನೆಗೆ ತಂಡೇಲ ಹುಟ್ಟು ಕೆಳಗಿಟ್ಟು, "ಆತು, ಹಂಗಾದ್ರೆ ನಾವೂ ಇಲ್ಲೇ ಕೂತ್ಕಂತೆವು" ಎಂದು ಬೀಡಿ ಹಚ್ಚಿದ. ಅರ್ಧ ಹೊಳೆಯಲ್ಲಿ ಇಳಿತದ ನೀರು ನಮ್ಮನ್ನು ಅಳಿವೆಯ ಕಡೆಗೆ ಎಳೆಯತೊಡಗಿದಾಗ ವಕೀಲರು ಇಳಿದರು. ಇದನ್ನು ಹೇಳಿ ನಾವು ಡ್ರೈವರುಗಳು ವರ್ಷಗಟ್ಟಲೆ ನಕ್ಕಿದ್ದೇವೆ. ಆದರೆ ರೂಢಿ ಎಂಬುದು ಸುಮ್ಮನೆ ಹುಟ್ಟಿರುವುದಿಲ್ಲ. ಬಾಗಿಲು ತೆರೆದಿಡುವ ರೂಢಿಯ ಹಿಂದೆ ಯಾರೋ ಒಬ್ಬ ಮುಳುಗಿದವನು ಇದ್ದೇ ಇರುತ್ತಾನೆ.

ಇನ್ನು ಹಳೆಯ ಜಾಗಗಳ ಸಂಗತಿ. ಮಿರ್ಜಾನದ ಕೋಟೆಯೊಳಗೆ ಆಗ ಮುಳ್ಳುಪೊದೆ, ಹಾವು, ದನ. ಗೇರುಸೊಪ್ಪೆಯ ಬಸದಿ ನೋಡಬೇಕಾದರೆ ಹೊಳೆ ದಾಟಿ ಕಾಡಿನಲ್ಲಿ ನಡೆಯಬೇಕು. ಅಲ್ಲಿ ವಿವರ ಹೇಳುವವರು ಯಾರೂ ಇಲ್ಲ. ಗಿರಾಕಿಗಳು ನಮ್ಮನ್ನೇ ಕೇಳುತ್ತಿದ್ದರು. ಗೊತ್ತಿಲ್ಲ ಎಂದರೆ ಅವರಿಗೆ ಬೇಜಾರು, ಏನಾದರೊಂದು ಹೇಳಿದರೆ ಖುಷಿ. ಹೀಗಾಗಿ ಪ್ರತಿಯೊಬ್ಬ ಡ್ರೈವರನ ಹತ್ತಿರವೂ ಒಂದು ರಾಣಿ, ಒಂದು ಸುರಂಗ, ಒಂದು ಶಾಪ ಇರುತ್ತಿತ್ತು. ಘಟ್ಟದ ನಡುವೆ ಇದ್ದ ಸೊಪ್ಪಿನ ಚೌಡಿ ಎಂಬ ಕಾಡುದೇವತೆಯ ಕಥೆ ಮಾತ್ರ ಕಟ್ಟಿದ್ದಲ್ಲ. ರಸ್ತೆಯ ಒಳಮಗ್ಗುಲಿಗೆ ಒಂದು ಕಲ್ಲು, ಅದರ ಮೇಲೆ ಆಳೆತ್ತರ ಸೊಪ್ಪಿನ ರಾಶಿ. ಆ ದಾರಿಯಲ್ಲಿ ಹೋಗುವವರು ಒಂದು ಹಸಿರು ಟೊಂಗೆ ಮುರಿದು ಅದರ ಮೇಲೆ ಹಾಕಿ ಮುಂದೆ ಹೋಗಬೇಕು. ಗಾಡಿಯವನೂ ಅಷ್ಟೆ, ಹೊರೆ ಹೊತ್ತವನೂ ಅಷ್ಟೆ. ಊರ ಹೊರಗಿನವರಿಗೆ ಇದು ಬಹಳ ಹಿಡಿಸುತ್ತಿತ್ತು.

ಶರಾವತಿಯ ಮೇಲ್ಗಡೆ ಅಣೆಕಟ್ಟಿನ ಕೆಲಸ ನಡೆಯುತ್ತಿದ್ದ ಕಾಲ. ಒಂದು ಮಳೆಗಾಲದಲ್ಲಿ ಚೌಡಿಯ ತಿರುವಿನ ಆಚೀಚೆ ಧರೆ ಕುಸಿದು ರಸ್ತೆಯ ಅರ್ಧ ಅಗಲ ಕಣಿವೆಗೆ ಹೋಯಿತು. ಮಳೆ ನಿಂತ ಮೇಲೆ ಒಂದೇ ಗಾಡಿ ಹಿಡಿಸುವಷ್ಟು ದಾರಿ ಮಾಡಿದರು. ಮಧ್ಯದಲ್ಲಿ ಎದುರುಬದುರಾದರೆ ಹಿಂದೆ ಸರಿಯಲೂ ಜಾಗವಿಲ್ಲ. ಕೆಳಗೊಂದು, ಮೇಲೊಂದು ಬಿದಿರಿನ ಗೇಟು ಹಾಕಿ ಒಬ್ಬೊಬ್ಬ ಆಳನ್ನು ನಿಲ್ಲಿಸಿದರು. ಫೋನಿಲ್ಲ, ಒಂದು ಗೇಟಿನಿಂದ ಇನ್ನೊಂದು ಕಾಣುವುದಿಲ್ಲ. ಅದಕ್ಕೆ ಆ ಆಳುಗಳೇ ಒಂದು ಉಪಾಯ ಮಾಡಿಕೊಂಡರು. ಕೆಳಗಿನಿಂದ ಒಂದಿಷ್ಟು ಗಾಡಿ ಬಿಡುವುದು, ಕೊನೆಯ ಗಾಡಿಯ ಮುಂಭಾಗಕ್ಕೆ ಲಕ್ಕಿ ಸೊಪ್ಪಿನ ಟೊಂಗೆ ಕಟ್ಟುವುದು. ಲಕ್ಕಿ ಆ ಕಾಡಿನಲ್ಲಿ ಬೆಳೆಯುವುದಿಲ್ಲ, ಕೆಳಗಿನ ಹೊಳೆದಂಡೆಯಿಂದಲೇ ತರಬೇಕು. ಹಾಗಾಗಿ ಬೇರೆ ಸೊಪ್ಪಿನೊಂದಿಗೆ ಗೊಂದಲವಿಲ್ಲ. ಲಕ್ಕಿ ಬಂತೆಂದರೆ ಹಿಂದೆ ಯಾರೂ ಇಲ್ಲ ಎಂದರ್ಥ. ಮೇಲಿನವನು ಅದನ್ನು ಬಿಚ್ಚಿಕೊಂಡು ತನ್ನ ಕಡೆಯ ಗಾಡಿ ಬಿಡುತ್ತಿದ್ದ, ಅವರಲ್ಲಿ ಕೊನೆಯವನಿಗೆ ಅದೇ ಟೊಂಗೆ ಕಟ್ಟುತ್ತಿದ್ದ.

ಮೇಲಿನ ಗೇಟಿನವನು ಬೀರ ಗೌಡ, ಹಾಲಕ್ಕಿ ಒಕ್ಕಲಿನವನು. ಕಾಗಾಲದ ಕಡೆಯಿಂದ ರಸ್ತೆ ಕೆಲಸಕ್ಕೆ ಬಂದವನು. ಮಾತು ಕಡಿಮೆ. ಬಿಡುವಿದ್ದಾಗ ತನ್ನೂರಿನ ಪದ ಒಂದನ್ನು ಮೂಗಿನಲ್ಲೇ ಗುನುಗುತ್ತಿದ್ದ. ಗೇಟಿನ ಎದುರಿಗೇ ಸುಬ್ರಾಯನ ಚಾ ಅಂಗಡಿ. ಅಂಗಡಿ ಸುಬ್ರಾಯನದೆಂದು ಹೆಸರಿಗೆ, ನಡೆಸುತ್ತಿದ್ದವಳು ಅವನ ಹೆಂಡತಿ ಪಾರ್ವತಿ. ಬೀರ ಗೌಡನಿಗೆ ಮಧ್ಯಾಹ್ನದ ಗಂಜಿ ಅವಳದೇ ಕೈಯಿಂದ. "ಗೌಡ, ಬಾ, ಉಣ್ಣು. ಗೇಟು ಎಲ್ಲಿಗೂ ಓಡಿ ಹೋಗೂದಿಲ್ಲ" ಎಂದು ಕೂಗುತ್ತಿದ್ದಳು. ನಮಗೂ ಅಷ್ಟೇ, ಅವಳ ಚಾ ಕುಡಿಯದೆ ಯಾವ ಡ್ರೈವರನೂ ಘಟ್ಟ ಇಳಿಯುತ್ತಿರಲಿಲ್ಲ.

ಗೇಟು ಹಾಕಿದ ಹೊಸತರಲ್ಲಿ ಬೀರ ಗೌಡ ಒಮ್ಮೆ ಯಾರದೋ ಜೋರಿಗೆ ಹೆದರಿ ಲಕ್ಕಿ ಬರುವ ಮೊದಲೇ ಒಂದು ಲಾರಿ ಬಿಟ್ಟಿದ್ದ. ಎದುರಿನಿಂದ ಸಿಮೆಂಟಿನ ಲಾರಿ ಬಂತು. ಹಿಂದೆ ಸರಿಯಲು ಹೋಗಿ ಒಂದು ಕಣಿವೆಗೆ ಬಿತ್ತು, ಕ್ಲೀನರ್ ಸತ್ತ. ಹೆಣ ಮೇಲೆ ತಂದವರಲ್ಲಿ ಬೀರ ಗೌಡನೂ ಒಬ್ಬ. ಅಂದಿನಿಂದ ಯಾರೇ ಬರಲಿ, ಎಷ್ಟೇ ಕೂಗಾಡಲಿ, ಲಕ್ಕಿ ಬರದೆ ಬಿದಿರು ಎತ್ತುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ನಾನು ಜೋಗದಲ್ಲಿ ಗಿರಾಕಿಗಳನ್ನು ಇಳಿಸಿ ಖಾಲಿ ಗಾಡಿ ತೆಗೆದುಕೊಂಡು ಮಧ್ಯಾಹ್ನದ ಮೇಲೆ ಗೇಟಿಗೆ ಬಂದೆ. ಕೆಳಗಿನ ಗಾಡಿಗಳು ಆಗಲೇ ಹತ್ತಿ ಬರುತ್ತಿದ್ದವು. ನಾನು ಗಾಡಿಯಿಂದ ಕೆಳಗಿಳಿಯುವಷ್ಟರಲ್ಲಿ ಸುಬ್ರಾಯ ಓಡಿ ಬಂದ. ಪಾರ್ವತಿಗೆ ಬೆಳಗಿನಿಂದ ಹೆರಿಗೆ ನೋವು, ಮಗು ಅಡ್ಡ ನಿಂತಿದೆ, ಸೂಲಗಿತ್ತಿ ಕೈಚೆಲ್ಲಿದ್ದಾಳೆ.

"ಮಂಜಣ್ಣ, ಹೊನ್ನಾವರಕ್ಕೆ ಮುಟ್ಸು. ನಿನ್ ಕಾಲಿಗೆ ಬೀಳ್ತೆ."

ಹಿಂದಿನ ಸೀಟಿನಲ್ಲಿ ಕಂಬಳಿ ಹಾಸಿ ಅವಳನ್ನು ಮಲಗಿಸಿದೆವು. ಸೂಲಗಿತ್ತಿ ಅವಳ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಳು. ಅಷ್ಟರಲ್ಲಿ ಕೆಳಗಿನಿಂದ ಒಂದು ಸರಕಾರಿ ಕಾರು ಬಂತು. ಜಿಲ್ಲೆಗೆ ಹೊಸದಾಗಿ ಬಂದಿದ್ದ ದೊಡ್ಡ ಅಧಿಕಾರಿಯೊಬ್ಬರು ಹೆಂಡತಿಯ ಜೊತೆ ಜೋಗ ನೋಡಲು ಹೊರಟಿದ್ದರು. ಅಮ್ಮನವರ ತಲೆಯಲ್ಲಿ ಕಾಡುಹೂ. ಕಿಟಕಿಯಿಂದ ನಮ್ಮ ಕಡೆಗೆ ನೋಡಿ ನಕ್ಕರು. ಕಾರಿನ ಮುಂದೆ ಲಕ್ಕಿ ಇರಲಿಲ್ಲ. ಇದು ಕೊನೆಯದಲ್ಲ, ಹಿಂದೆ ಇನ್ನೂ ಇದೆ ಎಂದು ನಾವು ಕಾದೆವು.

ಮತ್ತೆ ಯಾವ ಗಾಡಿಯೂ ಬರಲಿಲ್ಲ.

ಕೆಳಗಿನಿಂದ ಎಂಜಿನ್ ಸದ್ದು ಕೇಳುತ್ತಿತ್ತು. ಕಣಿವೆಯಲ್ಲಿ ಸದ್ದು ಎಲ್ಲಿಯದೆಂದು ಹೇಳಲಾಗುವುದಿಲ್ಲ. ಕೆಳಗಿನ ಗೇಟಿನಲ್ಲಿ ನಿಂತ ಲಾರಿಯದ್ದು ಮುಂದಿನ ತಿರುವಿನಲ್ಲೇ ಇದ್ದ ಹಾಗೆ ಕೇಳುತ್ತದೆ. ಈಗ ಬಂತು, ಈಗ ಬಂತು ಎಂದು ಎಲ್ಲರೂ ಅತ್ತಲೇ ನೋಡುತ್ತ ನಿಂತೆವು. ಒಳಗೆ ಪಾರ್ವತಿ ಮೊದಲು ಕೂಗುತ್ತಿದ್ದಳು, ಆಮೇಲೆ ನರಳುತ್ತಿದ್ದಳು. ಹಿಂದೆ ತಿರುಗಿಸಿ ಸಿದ್ದಾಪುರಕ್ಕಾದರೂ ಹೋಗೋಣವೆಂದರೆ ನನ್ನ ಬೆನ್ನಿಗೆ ಲಾರಿಗಳ ಸಾಲು ಒತ್ತಿ ನಿಂತಿತ್ತು.

"ಗೌಡ, ಬಿಡು," ಎಂದೆ. "ನಾ ಹಾರ್ನ್ ಹೊಡೀತಾ ಹೋಗ್ತೆ."

"ಸೊಪ್ಪು ಬರ್ಲಿಲ್ಲ, ಮಂಜಣ್ಣ."

"ಕಣ್ಣು ಕಾಣ್ತಿಲ್ವನಾ ನಿಂಗೆ? ಒಳಗೆ ಯಾರು ಅಂತ ಗೊತ್ತಿಲ್ವಾ?"

"ಗೊತ್ತದೆ." ಅವನು ಬಿದಿರಿಗೆ ಕೈ ಹಾಕಿ ಹಿಡಿದ. "ಅವಳೇ ಒಳಗಿರೂದ್ಕೇ ಬಿಡೂದಿಲ್ಲ. ಎದ್ರಿಂದ ಗಾಡಿ ಬಂದ್ರೆ ಎಲ್ಲಿಗೆ ಸರೀತೆ ನೀನು? ಕೆಳಗೆ ಬಿದ್ದವ್ನ ನಾ ಹೊತ್ತಿದ್ದೆ."

ಸುಬ್ರಾಯ ಅವನ ಮೈಮೇಲೆ ಬಿದ್ದ. ಬೀರ ಗೌಡ ಹೊಡೆತ ತಿಂದ, ತಿರುಗಿ ಕೈ ಎತ್ತಲಿಲ್ಲ. ಬಿದಿರನ್ನು ಎರಡೂ ಕೈಯಿಂದ ಅಪ್ಪಿ ಹಿಡಿದು ನಿಂತ. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು. ನನಗೆ ಅಂದು ಅವನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇಂದು ಸಿಟ್ಟಿಲ್ಲ. ಅವನ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ ಎಂದು ಈಗಲೂ ಕೇಳಿಕೊಳ್ಳುತ್ತೇನೆ.

ಕೊನೆಗೆ ನಾನೇ ಕೆಳಕ್ಕೆ ಓಡಿದೆ. ದಾರಿಯಲ್ಲಿ ಕೆಟ್ಟು ನಿಂತ ಗಾಡಿ ಇಲ್ಲ, ಮನುಷ್ಯರಿಲ್ಲ. ಚೌಡಿಯ ತಿರುವಿಗೆ ಬಂದಾಗ ಮೂಗಿಗೆ ಲಕ್ಕಿಯ ವಾಸನೆ ಬಡಿಯಿತು. ಸೊಪ್ಪಿನ ರಾಶಿಯ ತುದಿಯಲ್ಲಿ, ಎಲ್ಲರಿಗೂ ಕಾಣುವ ಹಾಗೆ, ಲಕ್ಕಿ ಟೊಂಗೆಯನ್ನು ಚೆಂದವಾಗಿ ನಿಲ್ಲಿಸಿದ್ದರು. ಗೇಟಿನವನು ಕಟ್ಟಿದ ತೆಂಗಿನ ನಾರಿನ ಹಗ್ಗ ಅದಕ್ಕೆ ಇನ್ನೂ ಸುತ್ತಿಕೊಂಡಿತ್ತು. ಪಕ್ಕದಲ್ಲಿ ಎರಡು ಕಾಡುಹೂ.

ಅದನ್ನು ಹಿಡಿದು ಏರಿ ಓಡುವಾಗ ಎದೆ ಒಡೆಯುತ್ತದೆ ಅನ್ನಿಸಿತು. ಬೀರ ಗೌಡ ನನ್ನ ಕೈಯ ಟೊಂಗೆ ಕಂಡದ್ದೇ ಬಿದಿರು ಎತ್ತಿಬಿಟ್ಟ. ಗಾಡಿಯನ್ನು ಹೇಗೆ ಇಳಿಸಿದೆನೋ ನನಗೆ ನೆನಪಿಲ್ಲ. ಗೇರುಸೊಪ್ಪೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಕವಲಕ್ಕಿ ಹತ್ತಿರ ಸೂಲಗಿತ್ತಿ ನನ್ನ ಹೆಗಲು ಮುಟ್ಟಿ, "ತಮಾ, ಇನ್ನು ನಿಧಾನ ಹೋಗು" ಎಂದಳು. ನಾನು ಗಾಡಿ ನಿಲ್ಲಿಸಿದೆ. ಮುಂದಿನ ಸೀಟಿನಲ್ಲಿದ್ದ ಸುಬ್ರಾಯ ಹಿಂದೆ ತಿರುಗಿ ನೋಡಲಿಲ್ಲ. ಮಗುವೂ ಹೊಟ್ಟೆಯಲ್ಲೇ ಹೋಗಿತ್ತು.

ಘಟ್ಟದ ಮೇಲಿನ ಊರಿನವರು ಗಲಾಟೆ ಮಾಡಿದರು. ಸರಕಾರಿ ಬಂಗಲೆಯ ಜಗಲಿಯಲ್ಲಿ ವಿಚಾರಣೆ ನಡೆಯಿತು. ನಡೆಸಲು ಬಂದವರು ಅದೇ ದೊಡ್ಡ ಸಾಹೇಬರು. ಕುರ್ಚಿಯ ಮುಂದೆ ಬೀರ ಗೌಡ ಕೈಕಟ್ಟಿ ನಿಂತಿದ್ದ.

"ಹೆಂಗಸು ಸಾಯುತ್ತಿರುವುದು ಕಂಡೂ ಯಾಕೆ ಬಿಡಲಿಲ್ಲ?" ಎಂದು ಸಾಹೇಬರು ಕೇಳಿದರು.

"ಸೊಪ್ಪು ಬರ್ಲಿಲ್ಲ, ಒಡೆಯಾ."

"ಎಂಥ ಸೊಪ್ಪು?"

ಬೀರ ಗೌಡನಿಗೆ ಬಿಡಿಸಿ ಹೇಳಲು ಬರಲಿಲ್ಲ. ಸೊಪ್ಪು ಬರ್ಲಿಲ್ಲ ಎಂಬುದನ್ನೇ ಮತ್ತೆ ಹೇಳಿದ. ನಾನು ಸಾಕ್ಷಿ ಹೇಳಲು ಬಂದವನು ಮುಂದೆ ಬಂದೆ. ಟೊಂಗೆ ಕಟ್ಟುವುದು ಏತಕ್ಕೆಂದು ಹೇಳಿದೆ. "ಅವತ್ತಿನ ಟೊಂಗೆ ನಿಮ್ಮ ಕಾರಿಗೆ ಕಟ್ಟಿತ್ತು, ಸಾಹೇಬ್ರೆ. ಚೌಡಿ ಕಲ್ಲಿನ ಮೇಲೆ ಸಿಕ್ತು" ಎಂದೆ.

ಸಾಹೇಬರ ಮುಖದಲ್ಲಿದ್ದ ಬಣ್ಣ ಇಳಿದುಹೋಯಿತು. "ಅದು ದೇವರಿಗೆ ಹಾಕಲು ಕೊಟ್ಟದ್ದಲ್ಲವೇ?" ಎಂದು ಮೆಲ್ಲಗೆ ಕೇಳಿದರು. "ದಾರಿಯಲ್ಲಿ ಹೋಗುವವರೆಲ್ಲ ಅಲ್ಲಿ ಸೊಪ್ಪು ಹಾಕಬೇಕು ಅಂತ ಜನ ಹೇಳಿದ್ದರು. ಕೆಳಗಿನವನು ಅದಕ್ಕಾಗಿಯೇ ಕಟ್ಟಿದ ಅಂದುಕೊಂಡೆವು. ನನ್ನ ಹೆಂಡತಿಯೇ ಬಿಚ್ಚಿ ಇಟ್ಟಳು." ಕಾರಿನ ಡ್ರೈವರನೂ ಬಯಲುಸೀಮೆಯವನು, ಆ ರಸ್ತೆಗೆ ಹೊಸಬ. ಅವನಿಗೂ ಗೊತ್ತಿರಲಿಲ್ಲ.

ಅದು ಸುಳ್ಳಲ್ಲ. ಆ ಮಾತು ಕೇಳಿದಾಗ ನನಗೆ ಅವರ ಮೇಲೆ ಕನಿಕರವೇ ಹುಟ್ಟಿತು. ಭಕ್ತಿಯಿಂದ ಮಾಡಿದ ಕೆಲಸ. ಅಲ್ಲಿಗೇ ನಿಂತಿದ್ದರೆ ಈ ಬರಹ ಬೇರೆ ಥರ ಇರುತ್ತಿತ್ತು. ಆದರೆ ಸಾಹೇಬರು ಒಳಗೆ ಹೋಗಿ ಚಾ ಕುಡಿದು ಹೊರಗೆ ಬಂದಾಗ ಮುಖ ಮೊದಲಿನಂತಾಗಿತ್ತು. ಸರಕಾರ ಹೇಳದ ಪದ್ಧತಿಯನ್ನು ಆಳುಗಳು ತಮಗೆ ತೋಚಿದಂತೆ ನಡೆಸಿದ್ದಾರೆ, ಬೀರ ಗೌಡ ವಿವೇಚನೆ ಇಲ್ಲದವನು, ಅವನನ್ನು ಕೆಲಸದಿಂದ ತೆಗೆಯಬೇಕು ಎಂದು ಬರೆಸಿದರು. ಕಾರಿನ ಮಾತೇ ಬರಲಿಲ್ಲ. ತಪ್ಪು ಮಾಡಿದ್ದಕ್ಕಲ್ಲ, ತಿಳಿದ ಮೇಲೆ ಅದನ್ನು ಇನ್ನೊಬ್ಬನ ತಲೆಗೆ ಕಟ್ಟಿದ್ದಕ್ಕೆ ಅವರನ್ನು ನಾನು ಕ್ಷಮಿಸಲಿಲ್ಲ. ಸುಬ್ರಾಯ ಎದ್ದು ಹೋದ.

ಅಧಿಕಾರಿಗಳು ನಮ್ಮ ಗಾಡಿ ಕರೆಯುವುದು ಅಂದಿನಿಂದ ನಿಂತಿತು. ಹಸನ್ ಸಾಹೇಬರಿಗೆ ಹೇಳಿದೆ. ಅವರು ಕೇಳಿ, "ನೀ ಸುಳ್ಳು ಹೇಳ್ಲಿಲ್ಲ ಅಲ್ಲ? ಆತು. ಹೋಗಿ ಗಾಡಿ ತೊಳಿ" ಎಂದರು. ನನಗೆ ಸಿಕ್ಕ ಬಡ್ತಿ ಅದೊಂದೇ.

ಬೀರ ಗೌಡ ಊರಿಗೆ ಹೋಗುತ್ತಾನೆ ಎಂದುಕೊಂಡಿದ್ದೆವು. ಹೋಗಲಿಲ್ಲ. ಕಟ್ಟಿಗೆ ಒಡೆದೋ ಕಲ್ಲು ಹೊತ್ತೋ ಹೊಟ್ಟೆ ಹೊರೆಯುತ್ತ ಅಲ್ಲೇ ಉಳಿದ. ಕೆಲಸವಿಲ್ಲದಾಗ ಗೇಟಿನ ಹಳೆಯ ಜಾಗದಲ್ಲಿ ಕೂತಿರುತ್ತಿದ್ದ. ಮರುವರ್ಷ ತಡೆಗೋಡೆ ಕಟ್ಟಿ ರಸ್ತೆ ಅಗಲ ಮಾಡಿದರು, ಬಿದಿರು ಕಿತ್ತರು, ಲಕ್ಕಿ ಟೊಂಗೆ ಕಟ್ಟುವ ಕಾಲ ಮುಗಿಯಿತು. ಅವನು ಮಾತ್ರ ಏಳಲಿಲ್ಲ. ಪದ ಗುನುಗುವುದನ್ನೂ ಬಿಟ್ಟಿದ್ದ. ಕೆಳಗಿನಿಂದ ಗಾಡಿ ಬಂದರೆ ಎದ್ದು ನಿಂತು ಅದರ ಮುಂಭಾಗ ನೋಡಿ ಮತ್ತೆ ಕೂರುತ್ತಿದ್ದ. ಸುಬ್ರಾಯ ಎದುರಿನ ಅಂಗಡಿ ನಡೆಸುತ್ತಿದ್ದ. ಮಧ್ಯಾಹ್ನ ಒಂದು ಬಟ್ಟಲು ಗಂಜಿ ತಂದು ಗೌಡನ ಪಕ್ಕ ಇಟ್ಟು ಹಿಂದಿರುಗುತ್ತಿದ್ದ. ಅವರಿಬ್ಬರ ನಡುವೆ ಆಮೇಲೆ ಒಂದು ಮಾತಾದರೂ ಆದದ್ದನ್ನು ನಾನು ಕೇಳಿರಲಿಲ್ಲ.

ಅರವತ್ತರ ದಶಕ ಮುಗಿಯುವ ಹೊತ್ತಿಗೆ, ಒಂದು ಚಳಿಗಾಲದ ಬೆಳಿಗ್ಗೆ, ಹೊನ್ನಾವರದಲ್ಲಿ ಒಬ್ಬ ಹಿರಿಯರು ಜೋಗಕ್ಕೆಂದು ನನ್ನ ಗಾಡಿ ಹತ್ತಿದರು. ಒಬ್ಬರೇ. ಅದೇ ದೊಡ್ಡ ಸಾಹೇಬರೆಂದು ಗುರುತು ಹತ್ತಿದ್ದು ಗೇರುಸೊಪ್ಪೆ ದಾಟಿದ ಮೇಲೆ, ಕನ್ನಡಿಯಲ್ಲಿ. ಅವರಿಗೆ ನನ್ನ ಗುರುತಿರಲಿಲ್ಲ. ಹೊಳೆದಂಡೆಯಲ್ಲಿ ಗಾಡಿ ನಿಲ್ಲಿಸಲು ಹೇಳಿ, ತಾವೇ ಇಳಿದು ಒಂದು ಲಕ್ಕಿ ಟೊಂಗೆ ಮುರಿದು ತಂದು ತೊಡೆಯ ಮೇಲಿಟ್ಟುಕೊಂಡರು. ಚೌಡಿಯ ತಿರುವಿನಲ್ಲಿ ಮತ್ತೆ ನಿಲ್ಲಿಸಲು ಹೇಳಿದರು. "ನನ್ನ ಹೆಂಡತಿ ಕೊನೆಯತನಕ ಈ ಜಾಗದ ಮಾತು ಆಡುತ್ತಿದ್ದಳು. ಒಂದು ಸೊಪ್ಪು ಹಾಕಿ ಹೋಗುತ್ತೇನೆ" ಎಂದರು.

ನಾನು ಎಂಜಿನ್ ಆರಿಸಲಿಲ್ಲ. "ಇಲ್ಲಿ ಬೇಡ, ಸಾಹೇಬ್ರೆ. ಅದನ್ನ ಮುಟ್ಸೂ ಜಾಗ ಮೇಲದೆ" ಎಂದೆ.

ಅವರು ನನ್ನನ್ನು ನೋಡಿದರು. ಗುರುತು ಸಿಕ್ಕಿತು. ಬಾಗಿಲ ಹಿಡಿಕೆಯಿಂದ ಕೈ ತೆಗೆದರು. ನಾನು ಗಾಡಿ ಮೇಲಕ್ಕೆ ಬಿಟ್ಟೆ.

ಬೀರ ಗೌಡ ಅಲ್ಲೇ ಕೂತಿದ್ದ, ಬಹಳ ಇಳಿದುಹೋಗಿದ್ದ. ಗಾಡಿಯ ಸದ್ದಿಗೆ ಎದ್ದು ನಿಂತ. ಸಾಹೇಬರು ಇಳಿದು ಎರಡೂ ಕೈಯಿಂದ ಲಕ್ಕಿ ಟೊಂಗೆ ಅವನ ಮುಂದೆ ಹಿಡಿದರು. ಬೀರ ಗೌಡ ಅವರ ಮುಖ ನೋಡಲೇ ಇಲ್ಲ. ಟೊಂಗೆ ಇಸಿದುಕೊಂಡ, ಮೂಸಿ ನೋಡಿದ. ನನ್ನ ಗಾಡಿಯ ಹಿಂದೆ ಮತ್ತೊಂದು ಬರುತ್ತಿದೆಯೋ ಎಂದು ಇಣುಕಿ ದಾರಿ ನೋಡಿದ. ಆಮೇಲೆ ಎದುರಿನ ಅಂಗಡಿಯ ಕಡೆ ತಿರುಗಿ ದೊಡ್ಡ ದನಿಯಲ್ಲಿ ಕೂಗಿದ.

"ಸುಬ್ರಾಯಾ, ಸೊಪ್ಪು ಬಂತು. ಪಾರ್ವತಿಯಕ್ಕನ ಕರ್ಕಂಡು ಹೋಗೂಕೆ ಅಡ್ಡಿಲ್ಲ."

ಸುಬ್ರಾಯ ಒಳಗೆ ಲೋಟ ತೊಳೆಯುತ್ತಿದ್ದ. ಅವನು ತಲೆ ಎತ್ತಲಿಲ್ಲ.